ಥರ್ಟಿ-ಥರ್ಟಿ ಕ್ಯಾಮ್ ಕೂರಿಸಿದ್ದು

ಮಿಷಿಗನ್‌ನಲ್ಲಿ ಗೆಳೆಯರೊಬ್ಬರ 1969ರ ಷೆವರ್ಲೆ ಕ್ಯಾಮರೋ ಝಡ್/28 ಕಾರಿನ ಎಂಜಿನ್ ಬಿಚ್ಚಿ ಕಟ್ಟಲು ಕೈಹಾಕಿದಾಗ, ಯಾವ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಉಬ್ಬುಗಳಿರುವ ದಂಡ) ಹಾಕುವುದು ಎಂಬ ಚರ್ಚೆಯೇ ಬರಲಿಲ್ಲ. ಕಾರ್ಖಾನೆಯಲ್ಲಿ ಹಾಕಿದ್ದ ಥರ್ಟಿ-ಥರ್ಟಿಯೇ ಬೇಕು ಅಂದರು. ನನಗೂ ಅದೇ ಇಷ್ಟ.

ಈ ಕ್ಯಾಮಿನ ಮಾತು ಬಂದಾಗ ಕೇಳಿಬರುವ ಹೆಸರು ಜೋರಾ ಅರ್ಕಸ್-ಡುಂಟೋವ್. 1953ರಲ್ಲಿ ಜನರಲ್ ಮೋಟರ್ಸ್ ಸೇರಿದ ಈ ಎಂಜಿನಿಯರ್, 1956ರಲ್ಲಿ ಡೇಟೋನಾ ಕಡಲತೀರದಲ್ಲಿ ಕಾರ್ವೆಟ್ ಅನ್ನು ಗಂಟೆಗೆ 150 ಮೈಲಿ ಓಡಿಸಿದ್ದು ತಾವೇ ರೂಪಿಸಿದ ಕ್ಯಾಮ್ ಹಾಕಿಕೊಂಡು. ಅವರ '097' ಕ್ಯಾಮ್ ಇದ್ದ 1957ರ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ 283 ಘನ ಇಂಚಿನಲ್ಲಿ 283 ಅಶ್ವಶಕ್ತಿ ಕೊಟ್ಟಿತು. ಥರ್ಟಿ-ಥರ್ಟಿ ಬಂದದ್ದು 1964ರ ಕಾರ್ವೆಟ್‌ನ 327 ಎಂಜಿನ್‌ಗೆ. ಟ್ರಾನ್ಸ್-ಆಮ್ ರೇಸಿನ ಐದು ಲೀಟರ್ ಮಿತಿಯೊಳಗೆ ನಿಲ್ಲುವಂತೆ ಝಡ್/28ರ 302 ಘನ ಇಂಚಿನ ಎಂಜಿನ್ ಕಟ್ಟಿದಾಗ ಅದಕ್ಕೂ ಇದನ್ನೇ ಹಾಕಿದರು. ಇನ್‌ಟೇಕ್ (ಒಳಗೆಳೆಯುವ), ಎಕ್ಸಾಸ್ಟ್ (ಹೊಗೆ ಬಿಡುವ) ಎರಡೂ ವಾಲ್ವ್‌ಗಳಿಗೂ ಅವನ್ನು ಒತ್ತುವ ರಾಕರ್ ಎಂಬ ಸನ್ನೆಗೂ ನಡುವೆ 0.030 ಇಂಚು ಸಂದು ಬಿಡಬೇಕು, ಹೆಸರು ಬಂದದ್ದು ಅದರಿಂದ.

ಹೊಸಬರು ಗೊಂದಲಕ್ಕೆ ಬೀಳುವುದು ಡ್ಯುರೇಶನ್ ವಿಷಯದಲ್ಲಿ, ಅಂದರೆ ಕ್ರ್ಯಾಂಕ್‌ಶಾಫ್ಟ್ ಎಷ್ಟು ಡಿಗ್ರಿ ತಿರುಗುವ ತನಕ ಕ್ಯಾಮ್ ಎತ್ತಿ ಹಿಡಿದಿರುತ್ತದೆ ಎಂಬುದರಲ್ಲಿ. ಒಂದು ಕಡೆ 346 ಡಿಗ್ರಿ ಎಂದಿರುತ್ತದೆ, ಇನ್ನೊಂದು ಕಡೆ 254. ಎರಡೂ ಸರಿಯೇ. ಅಷ್ಟು ದೊಡ್ಡ ಸಂದನ್ನು ಮೆಲ್ಲಗೆ ತುಂಬಿಕೊಳ್ಳಲು ಲೋಬಿನ (ಕ್ಯಾಮಿನ ಉಬ್ಬಿನ) ಎರಡೂ ಬದಿಗೆ ಉದ್ದನೆಯ ಇಳಿಜಾರು ಕೊಟ್ಟಿದ್ದಾರೆ. ಅಲ್ಲಿ ಲಿಫ್ಟರ್ (ಲೋಬಿನ ಮೇಲೆ ಕೂತು ಏರಿಳಿಯುವ ಭಾಗ) ಏಳುತ್ತದೆ, ವಾಲ್ವ್ ಮಾತ್ರ ಇನ್ನೂ ಮುಚ್ಚಿಯೇ ಇರುತ್ತದೆ. 346ರಲ್ಲಿ ಆ ಇಳಿಜಾರೂ ಸೇರಿದೆ. ಲಿಫ್ಟರ್ 0.050 ಇಂಚು ಎದ್ದ ಮೇಲೆ ಎಣಿಸಿದರೆ 254. ಎರಡು ಕ್ಯಾಮ್ ಹೋಲಿಸಿ ನೋಡಲು ನಾನು ಈ ಎರಡನೆಯದನ್ನು ಮಾತ್ರ ನಂಬುತ್ತೇನೆ. ಲಿಫ್ಟ್, ಅಂದರೆ ಎತ್ತುವ ಎತ್ತರ, ಕೂಡ ಹಾಗೆಯೇ. ಲೋಬ್ ಎತ್ತುವುದು ಸುಮಾರು 0.323 ಇಂಚು. 1.5 ಅನುಪಾತದ ರಾಕರ್ ಅದನ್ನು 0.485 ಮಾಡುತ್ತದೆ. ಅದರಲ್ಲಿ ಸಂದು ಕಳೆದರೆ ವಾಲ್ವ್‌ಗೆ ದಕ್ಕುವುದು 0.455.

ಕೂರಿಸುವಾಗ ಟೈಮಿಂಗ್ ಚೈನಿನ ಚುಕ್ಕೆಗಳನ್ನು ಎದುರುಬದುರು ನಿಲ್ಲಿಸಿ ಮುಗಿಯಿತು ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಕ್ರ್ಯಾಂಕಿನ ಮೂತಿಗೆ ಡಿಗ್ರಿ ವೀಲ್ (ಡಿಗ್ರಿ ಗುರುತಿನ ತಟ್ಟೆ) ಬಿಗಿದು, ದಪ್ಪ ತಂತಿ ಬಗ್ಗಿಸಿ ಮುಳ್ಳು ಮಾಡಿದೆ. ಪಿಸ್ಟನ್ ಸ್ಟಾಪ್ ಇಟ್ಟು ಮೊದಲನೇ ಸಿಲಿಂಡರಿನ ನಿಜವಾದ ಟಿಡಿಸಿ (ಪಿಸ್ಟನ್ ತೀರಾ ಮೇಲೆ ಬರುವ ಬಿಂದು) ಹಿಡಿದೆ. ಆಮೇಲೆ ಇನ್‌ಟೇಕ್ ಲಿಫ್ಟರ್ ಮೇಲೆ ಡಯಲ್ ಇಂಡಿಕೇಟರ್. ತುತ್ತತುದಿಯಲ್ಲಿ ಸೂಜಿ ಹಲವು ಡಿಗ್ರಿ ಅಲುಗಾಡದೆ ನಿಲ್ಲುವುದರಿಂದ ಅಲ್ಲೇ ಅಳೆದರೆ ಲೆಕ್ಕ ತಪ್ಪುತ್ತದೆ. ತುದಿಗೆ 0.050 ಇಂಚು ಮೊದಲು ಒಂದು ಅಳತೆ, ದಾಟಿ 0.050 ಇಳಿದಾಗ ಇನ್ನೊಂದು, ಎರಡರ ಸರಾಸರಿಯೇ ಲೋಬಿನ ನಡು. 72 ಮತ್ತು 152 ಬಂದರೆ ನಡು 112. ಕ್ರ್ಯಾಂಕ್ ತಿರುಗಿಸುವುದು ಯಾವಾಗಲೂ ಎಂಜಿನ್ ಓಡುವ ದಿಕ್ಕಿನಲ್ಲೇ. ಹಿಂದಕ್ಕೆ ತಿರುಗಿಸಿದರೆ ಚೈನಿನ ಸಡಿಲ ಅಳತೆಗೆ ಸೇರಿಕೊಳ್ಳುತ್ತದೆ.

ಇದು ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ರೋಲರ್ ಇಲ್ಲದೆ ಲಿಫ್ಟರ್ ನೇರವಾಗಿ ಲೋಬಿಗೆ ಉಜ್ಜುವಂಥದು), ಅದಕ್ಕೇ ಮೊದಲ ಅರ್ಧ ಗಂಟೆ ಇದರ ಪಾಲಿಗೆ ನಿರ್ಣಾಯಕ. ಲೋಬಿಗೆ ಸ್ವಲ್ಪ ಓರೆ, ಲಿಫ್ಟರಿನ ತಳಕ್ಕೆ ಕಣ್ಣಿಗೆ ಕಾಣದಷ್ಟು ಉಬ್ಬು ಇರುವುದರಿಂದ ಲಿಫ್ಟರ್ ತನ್ನ ಗೂಡಿನಲ್ಲಿ ತಿರುಗುತ್ತಾ ಇರುತ್ತದೆ. ತಿರುಗದಿದ್ದರೆ ಲೋಬ್ ಸವೆದುಹೋಯಿತು ಎಂದೇ ಲೆಕ್ಕ. ಈಗಿನ ಸಾಮಾನ್ಯ ಎಣ್ಣೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ಸತು-ರಂಜಕದ ಅಂಶ ಇಳಿಸಿದ್ದಾರೆ, ಹಾಗಾಗಿ ಅದು ಹೆಚ್ಚಿರುವ ಬ್ರೇಕ್-ಇನ್ ಎಣ್ಣೆಯನ್ನೇ ಸುರಿದೆ. ಲೋಬಿಗೆ ಮಾಲಿಬ್ಡಿನಮ್ ಪೇಸ್ಟ್ ಬಳಿದೆ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ತೆಗೆದು, ಹಳೆಯ ಡಿಸ್ಟ್ರಿಬ್ಯೂಟರಿನಿಂದ ಮಾಡಿದ ಪ್ರೈಮಿಂಗ್ ಉಪಕರಣವನ್ನು ಡ್ರಿಲ್ಲಿಗೆ ಸಿಕ್ಕಿಸಿ ಆಯಿಲ್ ಪಂಪ್ ತಿರುಗಿಸಿದೆ. ಹದಿನಾರೂ ರಾಕರ್‌ಗಳಲ್ಲಿ ಎಣ್ಣೆ ಜಿನುಗುವ ತನಕ ಬಿಡಲಿಲ್ಲ. ಬರೀ ಸರಳು ಸಾಲದು, ಈ ಎಂಜಿನ್ನಿನಲ್ಲಿ ಎಣ್ಣೆಯ ದಾರಿಯನ್ನು ಮುಚ್ಚುವುದು ಡಿಸ್ಟ್ರಿಬ್ಯೂಟರಿನ ಮೈಯೇ.

ಸ್ಟಾರ್ಟ್ ಆದ ಕ್ಷಣದಿಂದ 2000–2500 ಆರ್‌ಪಿಎಂ, ಐಡಲ್‌ಗೆ ಇಳಿಸುವ ಮಾತೇ ಇಲ್ಲ. ಬಿಸಿಯಾದ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಿಡಿದು ಒಂದೊಂದೇ ವಾಲ್ವಿನ ಸಂದು ಹೊಂದಿಸಿದೆ. ಎಕ್ಸಾಸ್ಟ್ ತೆರೆಯತೊಡಗಿದಾಗ ಅದೇ ಸಿಲಿಂಡರಿನ ಇನ್‌ಟೇಕ್, ಇನ್‌ಟೇಕ್ ಇನ್ನೇನು ಮುಚ್ಚುತ್ತದೆ ಎನ್ನುವಾಗ ಎಕ್ಸಾಸ್ಟ್.

ಈ ಕ್ಯಾಮ್ ಕೆಳಗಿನ ವೇಗದಲ್ಲಿ ಸೋಮಾರಿ, 4000 ದಾಟಿದ ಮೇಲೆ ಅದರ ಆಟ ನೋಡಬೇಕು. ಝಡ್/28ಕ್ಕೆ ನಾಲ್ಕು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್, 3.73 ಅನುಪಾತದ ಆಕ್ಸಲ್ ಕೊಟ್ಟಿದ್ದು ಸುಮ್ಮನೆ ಅಲ್ಲ. ಆಟೋಮ್ಯಾಟಿಕ್ ಇರುವ, ಎಸಿ ಬೇಕೆನ್ನುವ ಕಾರಿಗೆ ಇದನ್ನು ಹಾಕಿಕೊಡಿ ಅಂದರೆ ನಾನು ಒಪ್ಪುವುದಿಲ್ಲ. ಅಂಥವರಿಗೆ 327 ಘನ ಇಂಚು, 350 ಅಶ್ವಶಕ್ತಿಯ ಎಂಜಿನ್ನಿನ ಹೈಡ್ರಾಲಿಕ್ '151' ಕ್ಯಾಮ್ ಹೇಳುತ್ತೇನೆ. 0.050ಯಲ್ಲಿ 222 ಡಿಗ್ರಿ, ಸಂದು ಹೊಂದಿಸುವ ಕೆಲಸವೂ ಇಲ್ಲ.