ಹಳೆ ಮಸ್ಟಾಂಗ್‌ನ ಮುಂದಿನ ಸಸ್ಪೆನ್ಷನ್: ಯಾವುದು ಮೊದಲು?

1965–66ರ ಫೋರ್ಡ್ ಮಸ್ಟಾಂಗ್ ಅನ್ನು ರಸ್ತೆಯಲ್ಲೇ ಓಡಿಸೋದಾದರೆ, ದುಬಾರಿ ಕಾಯಿಲ್‌ಓವರ್ ಕಿಟ್‌ಗೆ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಜೋಡಣೆಯಲ್ಲಿರೋದು) ಕೈ ಹಾಕೋ ಮೊದಲು ಶಾಕ್ ಟವರ್, ಅಂದರೆ ಅವುಗಳ ಮೇಲ್ತುದಿ ಹಿಡಿದಿರೋ ತಗಡಿನ ಗೋಪುರ, ನೋಡಿ. ಮೇಲಿನ ಕಂಟ್ರೋಲ್ ಆರ್ಮ್‌ನ (ಚಕ್ರವನ್ನು ಕಾರಿನ ಒಡಲಿಗೆ ಜೋಡಿಸೋ ತೋಳು) ಬೋಲ್ಟ್ ತೂತಿನ ಸುತ್ತ ಬಣ್ಣ ಕೂದಲೆಳೆಯಷ್ಟು ಬಿರಿದು ತುಕ್ಕು ಇಣುಕಿದ್ದರೆ ಅಲ್ಲಿ ತಗಡು ಸೀಳಿರಬಹುದು. ಬಣ್ಣ ಕೆರೆದು ನೋಡಿ. ಸೀಳಿದ್ದರೆ ಮೊದಲು ವೆಲ್ಡಿಂಗ್, ಉಳಿದದ್ದು ಆಮೇಲೆ.

ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಸಿಗೋದು ಮೇಲಿನ ಆರ್ಮ್ ಅನ್ನು 1 ಇಂಚು ಕೆಳಗಿಳಿಸೋದರಲ್ಲಿ. ಮಸ್ಟಾಂಗ್‌ನದೇ ಚುರುಕು ಆವೃತ್ತಿಯಾದ 1965ರ ಶೆಲ್ಬಿ ಜಿಟಿ350ಯಲ್ಲಿ ಮಾಡಿದ್ದೂ ಇದನ್ನೇ. ತಿರುವಿನಲ್ಲಿ ಹೊರಬದಿಯ ಟೈರು ಅಂಚಿನ ಮೇಲೆ ವಾಲೋದು ಕಡಿಮೆಯಾಗುತ್ತೆ. ಅದಕ್ಕಿಂತ ಹೆಚ್ಚು ಇಳಿಸಿದರೆ ಬಾಲ್ ಜಾಯಿಂಟ್ (ಆರ್ಮ್‌ನ ತುದಿಯ ಗುಂಡು ಕೀಲು) ಸಿಕ್ಕಿಹಾಕಿಕೊಳ್ಳಬಹುದು. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅದುಮಿ ಹಿಡಿಯೋ ಸಾಧನ) ಇಲ್ಲದೆ ಸ್ಪ್ರಿಂಗ್ ಮುಟ್ಟಲೇಬೇಡಿ, ಪ್ರಾಣಕ್ಕೇ ಅಪಾಯ.

ಜೊತೆಗೆ 1 ಇಂಚು ದಪ್ಪದ ಆ್ಯಂಟಿರೋಲ್ ಬಾರ್ (ತಿರುವಿನಲ್ಲಿ ಕಾರು ವಾಲೋದನ್ನು ತಡೆಯೋ ಸರಳು), ಒಳ್ಳೆ ಗ್ಯಾಸ್ ಶಾಕ್ ಸಾಕು. ಕೆಳಗಿನ ಆರ್ಮ್‌ಗೆ ರಬ್ಬರ್ ಬುಶ್ ಇದ್ದರೆ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಬೋಲ್ಟ್ ಬಿಗಿ ಮಾಡಿ. ಚಕ್ರ ಜೋತುಬಿದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಚಕ್ರದ ಅಲೈನ್‌ಮೆಂಟ್ ಮಾಡೋರಿಗೆ ಹಳೆ ಮ್ಯಾನುಯಲ್‌ನ ಅಂಕಿ ಕೊಡಬೇಡಿ, ಅದು ಆ ಕಾಲದ ಬಯಾಸ್ ಪ್ಲೈ ಟೈರಿನ ಲೆಕ್ಕ. ಈಗಿನ ರೇಡಿಯಲ್ ಟೈರಿಗೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲೋದು) ಮೈನಸ್ ಅರ್ಧ ಡಿಗ್ರಿ, ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲೋದು) ಪ್ಲಸ್ 2ರಿಂದ 3 ಡಿಗ್ರಿ, ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರೋದು) 1/8 ಇಂಚು ಕೇಳಿ.