ಅಂಗಡಿ ಮುಂದೆ ಕುದುರೆ ಗಾಡಿಗೆ ಜಾಗ ಮಾಡುವುದು ಹೇಗೆ?

ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ, ಒಹಾಯೊದ ಹೋಮ್ಸ್ ಕೌಂಟಿ, ಇಂಡಿಯಾನಾದ ಶಿಪ್‌ಶೆವಾನಾ ಕಡೆ ಬ್ಯಾಂಕು, ದಿನಸಿ ಅಂಗಡಿ, ಕೆಲವು ಊರುಗಳ ವಾಲ್‌ಮಾರ್ಟ್ ಮುಂದೆಯೂ ಕಾರುಗಳ ಪಕ್ಕದಲ್ಲಿ ಕುದುರೆ ಕಟ್ಟುವ ಕಂಬಿ ಇರುತ್ತದೆ. ಸರಳ, ಹಳೆಯ ಕಾಲದ ಜೀವನ ನಡೆಸುವ ಕ್ರೈಸ್ತ ಪಂಗಡದವರಾದ ಆಮಿಶ್ ಜನ ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆ ಗಾಡಿಯಲ್ಲೇ ಓಡಾಡುತ್ತಾರೆ. 2024ರ ಅಂದಾಜಿನಂತೆ ಉತ್ತರ ಅಮೆರಿಕದಲ್ಲಿ ಅವರು ಸುಮಾರು 4 ಲಕ್ಷ ಮಂದಿ ಇದ್ದಾರೆ. ಅಂಥ ಊರಲ್ಲಿ ನೀವು ಅಂಗಡಿ ಅಥವಾ ಮೋಟೆಲ್ ನಡೆಸುತ್ತಿದ್ದರೆ ಅವರೂ ನಿಮ್ಮ ಗಿರಾಕಿಗಳೇ ಅಲ್ವಾ?

ಕೆಲಸ ಶುರು ಮಾಡುವ ಮೊದಲು ಎರಡು ಕಡೆ ಕೇಳಿ. ಒಂದು, ಟೌನ್‌ಶಿಪ್ (ಅಲ್ಲಿನ ಸ್ಥಳೀಯ ಆಡಳಿತ) ಕಚೇರಿ: ಪಾರ್ಕಿಂಗ್ ಜಾಗ ಬದಲಿಸಲು ಅನುಮತಿ ಬೇಕಾಗಬಹುದು. ಇನ್ನೊಂದು, ಆಮಿಶ್ ಗಿರಾಕಿಗಳು. ಬಹುತೇಕರ ಮನೆಯೊಳಗೆ ಫೋನ್ ಇರುವುದಿಲ್ಲ, ಹಾಗಾಗಿ ಅಂಗಡಿಗೆ ಬಂದಾಗಲೇ ಮಾತಾಡಿ. ಅವರಲ್ಲೇ ಒಳ್ಳೆಯ ಬಡಗಿಗಳಿದ್ದಾರೆ, ಕಂಬಿ, ನೆರಳಿನ ಮಾಡು ಎಲ್ಲ ಅವರಿಂದಲೇ ಕಟ್ಟಿಸಬಹುದು.

ಆಮೇಲೆ ಜಾಗ ಆರಿಸಿ. ಅವರ ಕುದುರೆ ಗಾಡಿಗೆ ಬಗ್ಗಿ ಎನ್ನುತ್ತಾರೆ. ಅದು ನಮ್ಮ ಜಟಕಾದ ಹಾಗೆ ಎರಡು ಚಕ್ರದ್ದಲ್ಲ, ನಾಲ್ಕು ಚಕ್ರದ್ದು, ಮುಂದಿನ ಅಚ್ಚು ತಿರುಗುತ್ತದೆ, ಹಾಗಾಗಿ ಹಿಂದಕ್ಕೆ ಸರಿಸುವಾಗ ಗಾಡಿ ಅಡ್ಡಕ್ಕೆ ತಿರುಚಿಕೊಳ್ಳುತ್ತದೆ. ಕುದುರೆಯ ಮುಖ ಕಂಬಿಯ ಕಡೆ ಇರುವುದರಿಂದ ಹೊರಡುವಾಗ ಹಿಂದೆ ಸರಿಯದೆ ದಾರಿಯೇ ಇಲ್ಲ. ಒಂದೊಂದು ಗಾಡಿಗೆ ಸುಮಾರು 10 ಅಡಿ ಅಗಲ, 20 ಅಡಿ ಉದ್ದ ಬಿಡಿ, ಅದರ ಹಿಂದೆ ಇನ್ನೂ 20 ಅಡಿ ಖಾಲಿ ಇರಲಿ. ಅಲ್ಲಿ ಕಾರು ನಿಲ್ಲದಂತೆ ಗೆರೆ ಎಳೆದು ಬೋರ್ಡ್ ಹಾಕಿ. ಶಾಪಿಂಗ್ ಗಾಡಿಗಳನ್ನು ದಡದಡ ಎಂದು ಜೋಡಿಸುವ ಜಾಗ, ಲಾರಿ ಬಂದು ಸಾಮಾನು ಇಳಿಸುವ ಬಾಗಿಲು, ಎರಡೂ ದೂರ ಇರಬೇಕು.

ಕಂಬಿಗೆ ಮರಕ್ಕಿಂತ ಉಕ್ಕಿನ ಪೈಪೇ ವಾಸಿ, ಏಕೆಂದರೆ ಸುಮ್ನೆ ನಿಂತ ಕುದುರೆ ಮರವನ್ನು ಕಚ್ಚಿ ಕಚ್ಚಿ ಹಾಳು ಮಾಡುತ್ತದೆ. ಹಗ್ಗ ಕಟ್ಟುವ ಕೊಂಡಿ ಕುದುರೆಯ ಭುಜದ ಮಟ್ಟಕ್ಕಿರಲಿ. ಕೆಳಗಿದ್ದರೆ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ಗಾಬರಿಯಾಗುತ್ತದೆ. ಈ ಗಾಡಿಗಳಿಗೆ ಹೆಚ್ಚಾಗಿ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯ ಕುದುರೆ ಹೂಡುತ್ತಾರೆ, ಎಷ್ಟೋ ಕುದುರೆಗಳು ರೇಸ್‌ನಿಂದ ನಿವೃತ್ತಿಯಾದವು. 400-500 ಕೆ.ಜಿ. ತೂಗುವ ಪ್ರಾಣಿ ಜಗ್ಗಿದರೂ ಅಲ್ಲಾಡಬಾರದು, ಹಾಗಾಗಿ ಕಂಬಗಳನ್ನು 3 ಅಡಿ ಆಳಕ್ಕೆ ಇಳಿಸಿ ಕಾಂಕ್ರೀಟ್ ತುಂಬಿಸಿ.

ನೆಲಕ್ಕೆ ಚೆನ್ನಾಗಿ ಕುಟ್ಟಿ ಕೂರಿಸಿದ ಜಲ್ಲಿ ಅಥವಾ ಒರಟು ಕಾಂಕ್ರೀಟ್ ಹಾಕಿಸಿ. ನುಣ್ಣನೆಯ ಕಾಂಕ್ರೀಟಿನಲ್ಲಿ ಲಾಳ ಜಾರುತ್ತದೆ. ಡಾಂಬರಾದರೆ ಗೊರಸಿನ ಏಟಿಗೆ ಬೇಗ ಕಿತ್ತುಹೋಗುತ್ತದೆ. ಮೂತ್ರ ನಿಲ್ಲದಂತೆ ಸ್ವಲ್ಪ ಇಳಿಜಾರೂ ಬೇಕು.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ನೆರಳು. ಜುಲೈ ಬಿಸಿಲಲ್ಲಿ ಕಾದ ಡಾಂಬರಿನ ಮೇಲೆ ಬರೀ ಕಂಬಿ ನಿಲ್ಲಿಸಿ ಅನುಕೂಲ ಮಾಡಿಕೊಟ್ಟೆವು ಎನ್ನುವುದು ತಪ್ಪು. ಯಜಮಾನ ಒಳಗೆ ಎ.ಸಿ.ಯಲ್ಲಿ ಸಾಮಾನು ಆರಿಸುವಾಗ ಕುದುರೆ ಹೊರಗೆ ನಿಂತೇ ಇರುತ್ತದೆ, ಅದಕ್ಕೆ ಬೇರೆ ಜಾಗಕ್ಕೆ ಹೋಗಲು ಆಗುವುದಿಲ್ಲ. ಮೂರು ಕಡೆ ತೆರೆದ ಒಂದು ಮಾಡು ಸಾಕು, ಬೇಸಿಗೆಗೂ ಆಯಿತು, ಹಿಮಕ್ಕೂ ಆಯಿತು. ತಗಡಿನ ಚಾವಣಿಯಾದರೆ ಹಿಮ ಒಮ್ಮೆಲೇ ದೊಪ್ಪೆಂದು ಜಾರಿ ಕುದುರೆ ಬೆದರುತ್ತದೆ, ಅದನ್ನು ತಡೆಯುವ ಪಟ್ಟಿ ಹಾಕಿಸಿ. ಪಕ್ಕದಲ್ಲೊಂದು ನಲ್ಲಿ, ಬಕೆಟ್ ಇದ್ದರೆ ಇನ್ನೂ ಒಳ್ಳೆಯದು.

ಗಿಡಗಳ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಅಲಂಕಾರಕ್ಕೆ ಬೆಳೆಸುವ ಯೂ ಗಿಡದ ಒಂದಿಷ್ಟು ಎಲೆ ತಿಂದರೂ ಕುದುರೆ ಸಾಯುತ್ತದೆ. ಕೆಂಪು ಮೇಪಲ್‌ನ ಬಾಡಿದ ಎಲೆ, ಬ್ಲ್ಯಾಕ್ ಲೋಕಸ್ಟ್ ಮರದ ತೊಗಟೆ ಕೂಡ ವಿಷ. ಕಂಬಿಯ ಹತ್ತಿರ ಇವು ಇದ್ದರೆ ತೆಗೆಸಿಬಿಡಿ.

ಇನ್ನು ಲದ್ದಿ. ಕೆಂಟಕಿಯ ಆಬರ್ನ್ ಪಟ್ಟಣದಲ್ಲಿ ಕುದುರೆಗೆ ಲದ್ದಿ ಹಿಡಿಯುವ ಚೀಲ ಕಟ್ಟಬೇಕೆಂಬ ನಿಯಮ ತಂದಾಗ ಅಲ್ಲಿನ ಆಮಿಶ್ ಜನ ಧರ್ಮದ ಕಾರಣಕ್ಕೆ ಒಪ್ಪದೆ ದಂಡದವರೆಗೂ ಹೋಯಿತು. ನಿಮ್ಮ ಅಂಗಡಿಯಲ್ಲಿ ಆ ಜಗಳವೇ ಬೇಡ. ಒಂದು ಸಲಿಕೆ, ಮುಚ್ಚಳದ ಡಬ್ಬ ಇಡಿ, ಕೆಲವರು ತಾವೇ ಎತ್ತಿ ಹಾಕುತ್ತಾರೆ. ಉಳಿದದ್ದನ್ನು ಸಂಜೆ ನಿಮ್ಮವರು ತೆಗೆಯಲಿ. ಗೊಬ್ಬರಕ್ಕೆ ಒಯ್ಯುವ ತೋಟದವರು ಸಿಕ್ಕರೂ ಸಿಗಬಹುದು.

ಕೊನೆಗೆ, ಕಂಬಿಯ ಬಳಿ ಫೋಟೊ ತೆಗೆಯಬೇಡಿ ಎಂಬ ಬೋರ್ಡ್ ಹಾಕಿ. ತಮ್ಮ ಫೋಟೊ ತೆಗೆಯುವುದು ಆಮಿಶ್ ಜನರಿಗೆ ಇಷ್ಟವಿಲ್ಲ, ಪ್ರವಾಸಿಗರು ಹತ್ತಿರ ಹೋಗಿ ಮುಟ್ಟಿದರೆ ಕುದುರೆಯೂ ಒದೆಯಬಹುದು. ರಿಪೇರಿ, ತೊಳೆಯುವ ಕೆಲಸ ಇದ್ದರೆ ಭಾನುವಾರಕ್ಕೆ ಇಟ್ಟುಕೊಳ್ಳಿ, ಅಂದು ಅವರು ವ್ಯಾಪಾರಕ್ಕೆ ಬರುವುದಿಲ್ಲ.