ಬಳ್ಳಾರಿ ಜಾಲಿಯ ಉರಿಯಲ್ಲಿ ಖಡಕ್ ರೊಟ್ಟಿ: ನನ್ನ ಅನುಭವ

ಸಿಂಧನೂರಿನ ಕಡೆ ಖಡಕ್ ರೊಟ್ಟಿ ಮಾಡಿ ಮಾರುವವರಲ್ಲಿ ಹೆಚ್ಚಿನವರು ಕರಿಜಾಲಿ ಕಟ್ಟಿಗೆಯನ್ನೇ ನಂಬುತ್ತಾರೆ. ಹಳ್ಳದ ದಂಡೆ, ಪಾಳು ಹೊಲಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯಿಂದ ಆರು ಒಲೆ ನಡೆಸುತ್ತೇನೆಂದಾಗ, ಹೊಗೆಗೆ ಬೇಸತ್ತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳೇ ಕೆಲಸ ಬಿಡುತ್ತಾರೆ ಎಂದು ಹೇಳಿದವರಿದ್ದರು. ಇಂದು ಆರೂ ಒಲೆಗಳು ಅದರಿಂದಲೇ ಉರಿಯುತ್ತಿವೆ.

ಮೊದಲು ಹುಣಸೆಯನ್ನು ನೋಡಿದೆ. ಸೀಳುವ ಕೂಲಿಯೇ ದುಬಾರಿ, ಹೊತ್ತಿಕೊಳ್ಳುವುದೂ ತಡ. ಆದರೆ ಕೆಂಡ ಬಹಳ ಹೊತ್ತು ನಿಲ್ಲುವುದರಿಂದ ರೊಟ್ಟಿಯನ್ನು ಖಡಕ್ ಮಾಡುವ ಪ್ರತ್ಯೇಕ ಒಲೆಗೆ ಮಾತ್ರ ಉಳಿಸಿಕೊಂಡೆ. ನೀಲಗಿರಿ ಭರ್ರನೆ ಉರಿದು ಮುಗಿಯಿತು. ಬೇವಿನ ಹೊಗೆ ಕಣ್ಣು ಬಿಡಗೊಡಲಿಲ್ಲ. ತೊಗರಿ ಕಟ್ಟಿಗೆ ಒಲೆ ಹೊತ್ತಿಸಲು ಉತ್ತಮ, ಆದರೆ ಅದನ್ನು ಒಡ್ಡುತ್ತಲೇ ಇರಲು ಒಂದು ಕೈ ಮೀಸಲಿಡಬೇಕು. ನಡುವೆ ಅಕ್ಕಿ ಗಿರಣಿಯ ಭತ್ತದ ಹೊಟ್ಟನ್ನೂ ಬೇರೆ ಒಲೆಯಲ್ಲಿ ಉರಿಸಿದೆ. ಕಾವು ಚೆನ್ನಾಗಿತ್ತು, ಆದರೆ ಐದರಲ್ಲಿ ಒಂದು ಪಾಲು ಬೂದಿಯಾಗಿಯೇ ಉಳಿದು, ಗಾಳಿಗೆ ಹಾರಿ ರೊಟ್ಟಿಯ ಮೇಲೆ ಕೂರುತ್ತಿತ್ತು.

ಚೆನ್ನಾಗಿ ಒಣಗಿದರೆ ತೂಕಕ್ಕೆ ತೂಕ ಎಲ್ಲ ಕಟ್ಟಿಗೆಯ ಕಾವೂ ಹೆಚ್ಚುಕಡಿಮೆ ಒಂದೇ, ಕಿಲೋಗೆ ಸುಮಾರು 4,000 ಕಿಲೋಕ್ಯಾಲೊರಿ. ಹಣ ಹೋಗುವುದು ಹಸಿ ಕಟ್ಟಿಗೆಯಲ್ಲಿ. ಅಡ್ಡೆಯಲ್ಲಿ ಕ್ವಿಂಟಲಿಗೆ 400 ರೂಪಾಯಿಯಂತೆ ಕೊಂಡ ಹಸಿ ಜಾಲಿ ಬೇಸಿಗೆ ಕಳೆಯುವಷ್ಟರಲ್ಲಿ 65–70 ಕಿಲೋಗೆ ಇಳಿಯಿತು. ಅದನ್ನು ಹಸಿಯಾಗಿಯೇ ಒಲೆಗೆ ಒಡ್ಡಿದವರು ನೀರಿಗೂ ಹಣ ಕೊಟ್ಟು, ಆ ನೀರನ್ನು ಆರಿಸಲು ಮತ್ತೆ ಕಟ್ಟಿಗೆಯನ್ನೇ ಸುಡುತ್ತಾರೆ. ಆದ್ದರಿಂದ ಶಿವರಾತ್ರಿಯ ಹೊತ್ತಿಗೆ ಕಡಿಸಿ, ಮಣಿಕಟ್ಟಿನ ದಪ್ಪಕ್ಕೆ ಸೀಳಿಸಿ, ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಅಡ್ಡಡ್ಡ ಒಟ್ಟಿ, ಕಾರಹುಣ್ಣಿಮೆಯವರೆಗೆ ಮುಟ್ಟುವುದಿಲ್ಲ. ಸುಮಾರು 40,000 ರೂಪಾಯಿ ಅಷ್ಟು ದಿನ ಸುಮ್ಮನೆ ಕೂರುತ್ತದೆ. ಮನೆಯವರೂ ಇದಕ್ಕೆ ಒಪ್ಪಿರಲಿಲ್ಲ. ಒಣಗಿದ ತುಂಡಿನ ಕಡಿದ ತುದಿಯಲ್ಲಿ ನಡುವಿನಿಂದ ಅಂಚಿನವರೆಗೆ ಸಣ್ಣ ಬಿರುಕುಗಳು ಕಾಣುತ್ತವೆ, ತೊಗಟೆ ಉಗುರಿಗೇ ಕಿತ್ತು ಬರುತ್ತದೆ, ಎರಡು ತುಂಡುಗಳನ್ನು ಬಡಿದರೆ ಟಣ್ ಎಂದು ಸದ್ದಾಗುತ್ತದೆ. ಮಂದ ಸದ್ದು ಬಂದುದನ್ನು ನಾನು ಒಲೆಯ ಹತ್ತಿರಕ್ಕೂ ತರಗೊಡುವುದಿಲ್ಲ.

ಹಂಚಿನ ಅಂಚಿಗೂ ನಡುವಿನಷ್ಟೇ ಕಾವು ಸಿಗುವಂತೆ ತುಂಡುಗಳನ್ನು ಜೋಡಿಸುವ ಕ್ರಮವೊಂದಿದೆ. ಅದು ನಮ್ಮ ಒಲೆಗಳ ಗುಟ್ಟು, ಇಲ್ಲಿ ಬರೆಯಲಾರೆ. ಮೊದಲು ಸಾವಿರ ರೊಟ್ಟಿಗೆ 90 ಕಿಲೋದಷ್ಟು ಕಟ್ಟಿಗೆ ಬೇಕಾಗುತ್ತಿತ್ತು, ಈಗ 60ರ ಆಸುಪಾಸಿನಲ್ಲಿ ಮುಗಿಯುತ್ತದೆ. ಅಂದು ಬೇಡವೆಂದವರಲ್ಲಿ ಇಬ್ಬರು ಈ ಶಿವರಾತ್ರಿಗೆ ತಮ್ಮ ಹಿತ್ತಲಲ್ಲೂ ಬಳ್ಳಾರಿ ಜಾಲಿ ಒಟ್ಟಿಸಿದ್ದಾರೆ.